ಆರು ಪ್ರತಿಮೆ, ಒಂದೇ ಗದ್ದ

ನಮ್ಮೂರಿನಲ್ಲಿ ಏಳು ಕಂಚಿನ ಪ್ರತಿಮೆಗಳಿವೆ. ಅವುಗಳಲ್ಲಿ ಆರಕ್ಕೆ ನಮ್ಮ ಅತ್ತೆಯವರ ಗದ್ದವಿದೆ.

ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಆರನ್ನೂ ಎರಕ ಹೊಯ್ದವನು ನಾನು, ಹಾಗಾಗಿ ಯಾರಾದರೂ ಹೇಳಲೇಬೇಕೆಂದರೆ ನಾನೇ ಹೇಳಬೇಕು. ಮಣ್ಣಿನಲ್ಲಿ ರೂಪ ಕೊಟ್ಟವನು ನನ್ನ ಷಡ್ಡಕ. ನಾವಿಬ್ಬರೂ ಅಕ್ಕ ತಂಗಿಯರನ್ನು ಮದುವೆಯಾಗಿ ಒಂದೇ ತಗಡಿನ ಶೆಡ್ಡಿನಲ್ಲಿ ಕೆಲಸ ಹಂಚಿಕೊಂಡವರು. ಮುಂದಿನ ಅರ್ಧ ಅವನ ಮಣ್ಣು, ಹಿಂದಿನ ಅರ್ಧ ನನ್ನ ಕುಲುಮೆ. ಅವನು ಮಾಡಿದ ಮಣ್ಣಿನ ಆಳಿಗೆ ನಾನು ಪ್ಲಾಸ್ಟರಿನ ಅಚ್ಚು ತೆಗೆಯುತ್ತೇನೆ, ಅಚ್ಚಿನೊಳಗೆ ಮೇಣ ಬಳಿಯುತ್ತೇನೆ, ಕೊನೆಗೆ ಆ ಮೇಣವನ್ನು ಕರಗಿಸಿ ಹೊರಗೆ ಕಳಿಸಿ ಅದರ ಜಾಗಕ್ಕೆ ಕಂಚು ಹೊಯ್ಯುತ್ತೇನೆ. ಅವನು ಮೂಗು ಸೊಟ್ಟ ಮಾಡಿದರೆ ನನ್ನ ಕಂಚೂ ಸೊಟ್ಟ. ಕಂಚಿಗೆ ಸ್ವಂತ ಬುದ್ಧಿ ಇಲ್ಲ. ಆ ಒಂದು ವಿಷಯದಲ್ಲಿ ಅದು ನನ್ನನ್ನೇ ಹೋಲುತ್ತದೆಂದು ಅತ್ತೆಯವರು ಹೇಳುತ್ತಾರೆ.

ಗದ್ದದ ವಿಚಾರ. ಅದು ಚೌಕಾಕಾರ. ನಡುವೆ ಒಂದು ಕುಳಿ, ಯಾರೋ ಹೆಬ್ಬೆರಳು ಒತ್ತಿ ಹಾಗೇ ಎದ್ದು ಹೋದಂತೆ. ಅವರು ಸುಮ್ಮನಿದ್ದಾಗಲೂ ಅದು ಸುಮ್ಮನಿರುವುದಿಲ್ಲ, ಒಂದಿಷ್ಟು ಮುಂದಕ್ಕೆ ಬಂದು "ಹೂಂ, ಆಮೇಲೆ?" ಎಂದು ವಿಚಾರಿಸುತ್ತಿರುತ್ತದೆ. ಅದರ ಮೇಲೆ ಬಿಗಿದ ತುಟಿ. ತುಟಿಗೆ ಮೇಲ್ವಿಚಾರಕನಂತೆ ಸದಾ ಎತ್ತಿದ ಬಲ ಹುಬ್ಬು.

ಈಗ ನೀವು ನಮ್ಮೂರ ಚೌಕಕ್ಕೆ ಬನ್ನಿ. ಕುದುರೆಯ ಮೇಲೆ ಕತ್ತಿ ಹಿಡಿದು ಕೂತ ದಂಡನಾಯಕನಿದ್ದಾನೆ. ಮೀಸೆ ಅವನದು, ಗದ್ದ ಅತ್ತೆಯವರದು. ಆಸ್ಪತ್ರೆಯ ಮುಂದೆ ನರ್ಸ್, ವ್ಯಾಯಾಮಶಾಲೆಯ ಮುಂದೆ ಭಾರ ಎತ್ತುವವನು, ಅಂಚೆ ಕಚೇರಿಯ ಮುಂದೆ ಚೀಲ ಹೊತ್ತ ಅಂಚೆಯವನು, ಎಲ್ಲರೂ ನಿಮ್ಮನ್ನು ನೋಡಿ "ಹೂಂ, ಆಮೇಲೆ?" ಎನ್ನುತ್ತಾರೆ. ಗ್ರಂಥಾಲಯದ ಮುಂದೆ ತಾಯಿ ಮತ್ತು ಮಗು. ತಾಯಿಗಾದರೂ ಹೇಗೋ ಒಪ್ಪುತ್ತದೆ, ಆರು ತಿಂಗಳ ಕೂಸಿಗೆ ಆ ಗದ್ದ ಸ್ವಲ್ಪ ಹೆಚ್ಚಾಯಿತು. ಪಶುವೈದ್ಯರ ಮನೆಯೆದುರು ಒಂದು ನಾಯಿ ಇದೆ. ಅದನ್ನು ಕಂಡರೆ ಬೀದಿನಾಯಿಗಳು ಬೊಗಳುವುದಿಲ್ಲ, ಬಾಲ ಮಡಚಿಕೊಂಡು ಸುತ್ತು ಹಾಕಿ ಹೋಗುತ್ತವೆ.

ಷಡ್ಡಕ ಇದನ್ನು ಬೇಕೆಂದು ಮಾಡಿದವನಲ್ಲ. ಶೆಡ್ಡಿನಲ್ಲಿ ಇರುವುದು ಒಂದೇ ಒಳ್ಳೆಯ ಕಿಟಕಿ. ಅತ್ತೆಯವರ ಹೆಣಿಗೆಗೆ ಬೆಳಕು ಬೇಕು. ಆದ್ದರಿಂದ ಇಪ್ಪತ್ತೆರಡು ವರ್ಷಗಳಿಂದ ಅವರ ಕುರ್ಚಿ ಆ ಕಿಟಕಿಯಡಿ, ಮಣ್ಣಿನ ತಿರುಗುಪೀಠಕ್ಕೆ ನೇರ ಎದುರು. ಅವರು ಎಂದೂ ಮುಗಿಯದ ಒಂದು ಸ್ವೆಟರು ಹೆಣೆಯುತ್ತಾ ಅಳಿಯನ ಕೆಲಸ ನೋಡುತ್ತಾರೆ. ಅಳಿಯ ಮಣ್ಣಿನಿಂದ ತಲೆ ಎತ್ತಿದಾಗಲೆಲ್ಲ ಅವನಿಗೆ ಕಾಣುವುದು ಅವರ ಮುಖ. ದಿನಕ್ಕೆ ಐನೂರು ಸಲ ತಲೆ ಎತ್ತುತ್ತಾನೆಂದು ಇಟ್ಟುಕೊಳ್ಳಿ. ನಾನು ಒಂದು ದಿನ ಎಣಿಸಿದ್ದೇನೆ, ನಾನೂರ ತೊಂಬತ್ತೊಂದು. ಉಳಿದ ಒಂಬತ್ತು ಸಲ ಸೀನು ಬಂದಿತ್ತು.

ಇಷ್ಟು ವರ್ಷ ಊರಿಗೆ ಇದು ಗೊತ್ತಾಗದಿರಲು ಕಾರಣ ಸರಳ. ಷಡ್ಡಕನ ಮನೆ ಶೆಡ್ಡಿನ ಮಹಡಿಯಲ್ಲಿ. ಅತ್ತೆಯವರು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಊರು ಅವರನ್ನು ನೋಡಿರಲಿಲ್ಲ, ಅವರೂ ಊರನ್ನು ನೋಡಿರಲಿಲ್ಲ. "ನೋಡೋಕೇನಿದೆ ಅಲ್ಲಿ?" ಎಂಬುದು ಅವರ ಅಭಿಪ್ರಾಯ.

ಆದರೆ ಆ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಬರೆಸಲು ನಾನು ಒಳಗೆ ಹೋದಾಗ ಅವರು ಹೊರಗೆ ಬೆಂಚಿನ ಮೇಲೆ ಕೂತರು, ನರ್ಸ್ ಪ್ರತಿಮೆಯ ಪಕ್ಕದಲ್ಲೇ. ಅದೇ ಹೊತ್ತಿಗೆ ನಗರದ ಅಲಂಕಾರ ಸಮಿತಿಯ ಅಧ್ಯಕ್ಷರು ರಕ್ತದೊತ್ತಡ ತೋರಿಸಲು ಬಂದರು. ಒಮ್ಮೆ ನರ್ಸನ್ನು ನೋಡಿದರು. ಒಮ್ಮೆ ಅತ್ತೆಯವರನ್ನು ನೋಡಿದರು. ಮತ್ತೆ ನರ್ಸನ್ನು ನೋಡಿದರು. ಅತ್ತೆಯವರು "ಏನ್ ಬೇಕು?" ಎಂದು ಗದ್ದ ಮುಂದೆ ಮಾಡಿದರು. ಅಧ್ಯಕ್ಷರು ಒತ್ತಡ ತೋರಿಸದೆಯೇ, ಇದ್ದ ಒತ್ತಡಕ್ಕೆ ಇನ್ನಷ್ಟು ಸೇರಿಸಿಕೊಂಡು, ಚೌಕದ ಕಡೆಗೆ ಓಡಿದರು. ಅಲ್ಲಿಂದ ಅಂಚೆ ಕಚೇರಿಗೆ. ಅಲ್ಲಿಂದ ವ್ಯಾಯಾಮಶಾಲೆಗೆ. ಮರುದಿನ ಬೆಳಿಗ್ಗೆ ನಮ್ಮ ಶೆಡ್ಡಿನಲ್ಲಿದ್ದರು. ಮಂಡಿ ನೋವಿನ ಅತ್ತೆಯವರು ಇನ್ನೂ ಮಹಡಿಯಿಂದ ಇಳಿದಿರಲಿಲ್ಲ.

"ಒಂದಾ, ಎರಡಾ?" ಎಂದರು. "ನಾಯೀನೂ ಬಿಟ್ಟಿಲ್ವಲ್ರೀ!"

"ನಾಯಿ ಚೆನ್ನಾಗಿ ಬಂದಿದೆ ಸಾರ್," ಎಂದ ಷಡ್ಡಕ. ಅವನಿಗೆ ಸುಳ್ಳು ಬರುವುದಿಲ್ಲ, ಅದೊಂದು ದೊಡ್ಡ ತೊಂದರೆ.

"ನಾಯಿಗೆ ಗದ್ದ ಇರುತ್ತೇನ್ರೀ?"

"ಇರಲ್ಲ ಸಾರ್. ಅದಕ್ಕೇ ಸ್ವಲ್ಪ ಕಷ್ಟ ಆಯ್ತು."

ಅಧ್ಯಕ್ಷರು ಮಣ್ಣಿನ ತೊಟ್ಟಿಯ ಅಂಚಿನ ಮೇಲೆ ಕೂತು, ಪ್ಯಾಂಟು ಒದ್ದೆ ಮಾಡಿಕೊಂಡು, ಎದ್ದು, ಸಮಿತಿಯ ತೀರ್ಮಾನ ಓದಿದರು. ಅಗ್ನಿಶಾಮಕ ದಳದ ಹಳೆಯ ಮುಖ್ಯಸ್ಥರ ಪ್ರತಿಮೆ ಹೇಗೂ ನಮಗೇ ಬಂದಿತ್ತು. ಊರವರು ಅವರನ್ನು ಗಂಟೆ ಸಾಹೇಬರು ಎನ್ನುತ್ತಿದ್ದರು, ಬೆಂಕಿ ಬಿದ್ದಾಗ ಬಂಡಿಯ ಗಂಟೆಯನ್ನು ಬೇರೆ ಯಾರಿಗೂ ಬಾರಿಸಲು ಕೊಡುತ್ತಿರಲಿಲ್ಲವೆಂದು. ತೀರಿಕೊಂಡು ಎರಡು ವರ್ಷವಾಗಿತ್ತು. ಈ ಏಳನೆಯ ಪ್ರತಿಮೆ ಗಂಟೆ ಸಾಹೇಬರಂತೆಯೇ ಇರಬೇಕು. ಇದೆಯೋ ಇಲ್ಲವೋ ಎಂದು ಹೇಳುವವರು ಅವರ ಅಕ್ಕ. ನಲವತ್ತು ದಿನಗಳ ನಂತರ ಆಕೆ ಮಣ್ಣಿನ ರೂಪ ನೋಡಿ ಸಹಿ ಹಾಕಿದರೆ ಸರಿ. ಹಾಕದಿದ್ದರೆ, ಊರಿನ ಆರೂ ಪ್ರತಿಮೆಗಳನ್ನು ಇಳಿಸಿ, ಕರಗಿಸಿ, ಚರಂಡಿ ಮುಚ್ಚಳ ಮಾಡಿಸುವುದು.

"ಕರಗಿಸೋದು ಯಾರು?" ಎಂದು ಕೇಳಿದೆ.

"ಊರಲ್ಲಿ ಕುಲುಮೆ ಇರೋದು ಯಾರ ಹತ್ರ?" ಎಂದರು ಅಧ್ಯಕ್ಷರು.

ಅವರು ಹೋದ ಮೇಲೆ ಷಡ್ಡಕ ತಂತಿ ಕತ್ತರಿಸುವ ಇಕ್ಕಳವನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತಿದ್ದ. ಕುದುರೆಯೊಂದಕ್ಕೇ ನಾಲ್ಕು ವರ್ಷ ಕೊಟ್ಟವನು ಅವನು. ಹಿಂಗಾಲಿನ ನರ ಸರಿಬರಲಿಲ್ಲವೆಂದು ಮದುವೆಯ ಮೊದಲ ವರ್ಷವಿಡೀ ಕುದುರೆ ಲಾಯದ ಮುಂದೆ ಹೆಂಡತಿಯನ್ನು ತಿರುಗಾಡಿಸಿದವನು. ಆ ಆರು ಹೋದರೆ ಅವನು ದುಡಿದ ಬದುಕಿನಲ್ಲಿ ಮಿಗುವುದು ಮೊಣಕೈವರೆಗಿನ ಮಣ್ಣು ಮಾತ್ರ. "ಮುಚ್ಚಳದ ಮೇಲೆ ಕಾಲಿಟ್ಟು ನಡೀತಾರಲ್ವಾ?" ಎಂದು ಕೇಳಿದ. ಮುಚ್ಚಳವಿರುವುದೇ ಅದಕ್ಕೆ.

ಅಂದು ಸಂಜೆ ನಾಲ್ವರೂ ಸಭೆ ಸೇರಿದೆವು: ನಾನು, ಷಡ್ಡಕ, ನಮ್ಮಿಬ್ಬರ ಹೆಂಡತಿಯರು. ಅತ್ತೆಯವರು ಮೇಲೆ ಮೊಣಕಾಲಿಗೆ ಕಾವು ಕೊಟ್ಟುಕೊಳ್ಳುತ್ತಿದ್ದರು.

"ಅಮ್ಮ ಎದುರಿಗಿದ್ರೆ ತಾನೇ ಗದ್ದ ಬರೋದು?" ಎಂದಳು ನನ್ನ ಹೆಂಡತಿ. "ನಲವತ್ತು ದಿನ ಅಮ್ಮ ಬೇರೆ ಕಡೆ ಇರ್ಲಿ."

"ಒಳ್ಳೇ ಯೋಚನೆ," ಎಂದೆ. "ಎಲ್ಲಿರ್ತಾರೆ?"

ಮೂವರೂ ನನ್ನನ್ನೇ ನೋಡಿದರು.

"ಅವ್ರಿಗೆ ಏನಂತ ಹೇಳೋದು?" ಎಂದು ಕೇಳಿದೆ, ಮುಳುಗುವವನು ಕೊನೆಯ ಸಲ ಕೈ ಎತ್ತಿದಂತೆ.

"ಮೆಟ್ಟಿಲು ಹತ್ತಿ ಇಳಿದ್ರೆ ಮಂಡಿಗೆ ಆಗಲ್ಲ ಅಂತ ಹೇಳಿ. ನಿಮ್ಮನೆ ನೆಲದ ಮಟ್ಟದಲ್ಲಿದೆ," ಎಂದಳು ಅತ್ತಿಗೆ, ಷಡ್ಡಕನ ಹೆಂಡತಿ. ಇಪ್ಪತ್ತೆರಡು ವರ್ಷ ತಾಯಿಯನ್ನು ನೋಡಿಕೊಂಡವಳ ಮುಖದಲ್ಲಿ ಆಗ ಒಂದು ಬೆಳಕು ಬಂತು. ಷಡ್ಡಕ ಅದನ್ನು ಮಣ್ಣಿನಲ್ಲಿ ಮಾಡಬೇಕಿತ್ತು.

ಹೀಗೆ ಅತ್ತೆಯವರು ನಮ್ಮ ಮನೆಗೆ ಬಂದರು. ಕುರ್ಚಿ ಬಿಟ್ಟು ಬರಲು ಒಪ್ಪಲಿಲ್ಲ. ನಾನು ಅದನ್ನು ತಲೆಯ ಮೇಲೆ ಹೊತ್ತು ಮೂರು ಬೀದಿ ನಡೆದೆ, ಅವರು ಹಿಂದಿನಿಂದ "ಎಡಕ್ಕೆ, ಬಲಕ್ಕೆ, ಕಂಬ ಇದೆ, ಕಣ್ಣು ಬಿಡಿ ಅಳಿಯಂದ್ರೇ" ಎಂದು ದಾರಿ ತೋರಿಸುತ್ತಾ ಬಂದರು. ಕುರ್ಚಿಯನ್ನು ನಮ್ಮ ಊಟದ ಮೇಜಿನ ಎದುರು ಹಾಕಿಸಿಕೊಂಡರು. ನಾನು ತುತ್ತು ಎತ್ತಿದಾಗಲೆಲ್ಲ ಹುಬ್ಬು ಏರುತ್ತಿತ್ತು. ಎರಡು ವಾರದಲ್ಲಿ ನನ್ನ ಬೆಲ್ಟಿಗೆ ಹೊಸ ತೂತು ಹೊಡೆಯಬೇಕಾಯಿತು. ಮೂರನೇ ವಾರ ಗಡ್ಡ ಹೆರೆಯುತ್ತಾ ಕನ್ನಡಿ ನೋಡಿದರೆ ನನ್ನ ಗದ್ದದ ನಡುವೆ ಕುಳಿ ಬೀಳುತ್ತಿರುವಂತೆ ಕಂಡಿತು. ಹೆಂಡತಿ ಅದು ಸೋಪಿನ ಗುಳ್ಳೆ ಎಂದಳು. ನನಗೆ ಈಗಲೂ ಅನುಮಾನವಿದೆ.

ಅತ್ತ ಶೆಡ್ಡಿನಲ್ಲಿ ಷಡ್ಡಕ ಕಬ್ಬಿಣದ ಸರಳು ಬಗ್ಗಿಸಿ, ತಂತಿ ಸುತ್ತಿ, ಆಳೆತ್ತರದ ಅಸ್ಥಿಪಂಜರ ನಿಲ್ಲಿಸಿ ಮಣ್ಣು ಮೆತ್ತಿದ. ಬೂಟು ಬಂತು. ಉದ್ದ ಕೋಟು ಬಂತು. ಕಂಕುಳಲ್ಲಿ ಹೆಲ್ಮೆಟ್ಟು ಬಂತು. ಮುಖ ಮಾತ್ರ ಬರಲಿಲ್ಲ. ಗಂಟೆ ಸಾಹೇಬರ ಫೋಟೋ ಇದ್ದದ್ದು ಮೂರೇ ಮೂರು, ಮೂರರಲ್ಲೂ ಹೆಲ್ಮೆಟ್ಟಿನ ನೆರಳು ಮೂಗಿನ ತನಕ. ನಾವು ಅವರನ್ನು ಕಂಡದ್ದೂ ಓಡುವ ಬಂಡಿಯ ಮೇಲೆ, ಅದೇ ಹೆಲ್ಮೆಟ್ಟಿನಡಿಯಲ್ಲಿ. ಷಡ್ಡಕ ಮಣ್ಣಿಗೆ ಹೆಬ್ಬೆರಳು ಹಚ್ಚುವನು, ಅಭ್ಯಾಸದಂತೆ ತಲೆ ಎತ್ತುವನು, ಎದುರಿಗೆ ಖಾಲಿ ಕಿಟಕಿ. ಒಂದು ವಾರ ಕಳೆದರೂ ಕೋಟಿನ ಮೇಲೆ ಮೊಟ್ಟೆಯಂಥ ನುಣುಪಾದ ತಲೆ ಕೂತಿತ್ತು.

ಎಂಟನೇ ದಿನ ಒಂದು ಮೂಗು ಕಾಣಿಸಿತು. ಉದ್ದ, ಮೇಲಕ್ಕೆ ಬಾಗಿದ, ತುದಿಯಲ್ಲಿ ದೊಡ್ಡ ತೂತು. ಇಬ್ಬರೂ ಸಂತೋಷಪಟ್ಟೆವು. ಆಮೇಲೆ ನಾನು ತಿರುಗಿ ನೋಡಿದೆ. ಅತ್ತೆಯವರ ಜಾಗದಲ್ಲಿ ಅತ್ತಿಗೆ ಚಹಾದ ಕೆಟಲು ಇಟ್ಟಿದ್ದಳು.

"ಕೆಟಲು ತೆಗೀರಿ," ಎಂದೆ.

ಕೆಟಲು ತೆಗೆದೆವು. ಆ ಗೋಡೆಯ ಮೇಲೆ ಗಡಿಯಾರವಿತ್ತು. ಹನ್ನೊಂದನೇ ದಿನಕ್ಕೆ ಗಂಟೆ ಸಾಹೇಬರ ಮುಖ ಅಗಲವಾಗಿ ದುಂಡಗಾಗಿ, ಮೀಸೆ ಹತ್ತು ಗಂಟೆ ಹತ್ತು ನಿಮಿಷ ತೋರಿಸತೊಡಗಿತು. ಗಡಿಯಾರವನ್ನೂ ತೆಗೆದೆವು. ಷಡ್ಡಕ ಮತ್ತೆ ಮೊಟ್ಟೆಗೆ ಬಂದ. ಹೀಗೇ ಮಾಡಿ ಕೆಡಿಸಿ ಇಪ್ಪತ್ತಾರು ದಿನ ಕಳೆದವು. ಕೊನೆಗೆ ತಲೆ ಕೆಟ್ಟು, ಎರಡು ದಿನ ಮಣ್ಣಿನ ಮುಖವನ್ನೇ ನೋಡುವುದಿಲ್ಲವೆಂದು ಬಾಗಿಲು ಹಾಕಿಕೊಂಡು ಮಹಡಿಯಲ್ಲಿ ಮಲಗಿದ. ನಾನೂ ರಜೆ ತೆಗೆದುಕೊಂಡೆ. ಹೊರಗೆ ಬಿಸಿಗಾಳಿ ಬೀಸುತ್ತಿತ್ತು.

ಮೂರನೆಯ ದಿನ ಬಾಗಿಲು ತೆರೆದರೆ ಗಂಟೆ ಸಾಹೇಬರ ತಲೆ ನೆಲದ ಮೇಲಿತ್ತು. ಹೆಗಲಿನಿಂದ ಸೊಂಟದವರೆಗೆ ಒಂದು ಬಿರುಕು, ಕೈ ಹೋಗುವಷ್ಟು ಅಗಲ. ಎಡ ತೋಳು ಎಲ್ಲಿಯೋ, ಹೆಲ್ಮೆಟ್ಟು ಎಲ್ಲಿಯೋ. ಬೂಟು ಮಾತ್ರ ಅಟೆನ್ಷನ್‌ನಲ್ಲಿತ್ತು.

ಮಣ್ಣಿನ ಕೆಲಸ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಹಸಿ ಮಣ್ಣಿಗೆ ದಿನಾ ಸಂಜೆ ಒದ್ದೆ ಗೋಣಿ ಸುತ್ತಬೇಕು. ಸುತ್ತದಿದ್ದರೆ ಅದು ಒಣಗಿ ಕುಗ್ಗುತ್ತದೆ, ಒಳಗಿನ ಕಬ್ಬಿಣ ಕುಗ್ಗುವುದಿಲ್ಲ, ಇಬ್ಬರ ಜಗಳದಲ್ಲಿ ಮಣ್ಣು ಸೀಳುತ್ತದೆ. ಕೆಲಸ ಮಾಡುವ ದಿನಗಳಲ್ಲಿ ಷಡ್ಡಕ ನೀರು ಚಿಮುಕಿಸುತ್ತಲೇ ಇದ್ದದ್ದರಿಂದ ಹೇಗೋ ತಡೆದಿತ್ತು.

"ಗೋಣಿ ಸುತ್ತಿರ್ಲಿಲ್ವಾ ಷಡ್ಡಕರೇ?" ಎಂದ ಅವನು.

"ನಾನಾ? ಅದು ನೀವು ಸುತ್ತೋದಲ್ವಾ?"

"ನಾನು ಯಾವತ್ತು ಸುತ್ತಿದ್ದೆ? ನಾನು ಕೈ ತೊಳ್ಕೊಂಡು ಮೇಲೆ ಹೋಗ್ತೀನಿ. ನೀವೇ ಸುತ್ತುತ್ತೀರಿ ಅಂತ..."

"ನಾನು ಕುಲುಮೆ ಆರಿಸಿ ಮನೆಗೆ ಹೋಗ್ತೀನಿ. ನೀವೇ ಅಂತ ನಾನು..."

ಇಪ್ಪತ್ತೆರಡು ವರ್ಷ, ಆರು ಪ್ರತಿಮೆ, ದಿನಾ ಸಂಜೆ ಯಾರೋ ಸುತ್ತಿದ್ದರು. ಖಾಲಿ ಕಿಟಕಿಯ ಕಡೆ ನೋಡಿದೆವು.

ನಾನು ಮನೆಗೆ ಬಂದಾಗ ಅತ್ತೆಯವರು ಹೆಣಿಗೆಯಿಂದ ತಲೆ ಎತ್ತಿ ನನ್ನ ಕಾಲು ನೋಡಿದರು. ಚಪ್ಪಲಿಯ ಮೇಲೆ ಒಣ ಮಣ್ಣಿನ ಬಿಳಿ ಪುಡಿ.

"ಒಣಗಿಸಿ ಹಾಕಿದ್ರಾ?" ಎಂದರು.

"ಹೂಂ."

"ಬಿರುಕಾ?"

"ತಲೆ ಬಿತ್ತು ಅತ್ತೆ."

ಅವರು ಸ್ವೆಟರನ್ನು ಸುತ್ತಿ ಚೀಲಕ್ಕೆ ಹಾಕಿದರು. "ಕುರ್ಚಿ ಎತ್ಕೊಳ್ಳಿ," ಎಂದರು.

ಈ ಸಲ ದಾರಿಯಲ್ಲಿ ಎಡ ಬಲ ಹೇಳಲಿಲ್ಲ. ಮಂಡಿ ನೋವಿನವರು ನನಗಿಂತ ಮುಂದೆ ನಡೆದರು. ಶೆಡ್ಡಿಗೆ ಬಂದು, ನೆಲದ ಮೇಲಿನ ತಲೆಯನ್ನು ಕೋಲಿನಿಂದ ತಿರುಗಿಸಿ ನೋಡಿ, ದೊಡ್ಡ ಅಳಿಯನ ಎದುರು ನಿಂತರು.

"ಮಂಡಿಗೋಸ್ಕರ ನನ್ನ ಕಳಿಸಿದ್ದು ಅಂತ ನಾನು ನಂಬಿಲ್ಲ. ಈಗ ನಿಜ ಹೇಳಿ."

ನಾನು ಅವನಿಗೆ ಕಣ್ಸನ್ನೆ ಮಾಡಿದೆ. ವ್ಯರ್ಥ. "ನಿಮ್ಮ ಗದ್ದ ಬಂದ್ಬಿಡುತ್ತೆ ಅತ್ತೆ," ಎಂದ. ಆಮೇಲೆ ಅಧ್ಯಕ್ಷರು, ಆರು ಪ್ರತಿಮೆ, ಚರಂಡಿ ಮುಚ್ಚಳ, ಎಲ್ಲವನ್ನೂ ಹೇಳಿದ. ಅತ್ತೆಯವರು ಕೇಳುತ್ತಾ ತಮ್ಮ ಗದ್ದವನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿಕೊಂಡರು, ಅದು ಇನ್ನೂ ಅಲ್ಲಿದೆಯೋ ಎಂಬಂತೆ.

"ಎಲ್ಲೆಲ್ಲಿ?" ಎಂದರು.

ಅವನು ಬೆರಳು ಮಡಚಿ ಎಣಿಸಿದ. ಅವರು ಟ್ಯಾಕ್ಸಿ ತರಿಸಿದರು.

ಒಂದು ಮಧ್ಯಾಹ್ನದಲ್ಲಿ ಆರನ್ನೂ ನೋಡಿದರು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ, ಶಾಲೆಯಿಂದ ದೂರು ಬಂದ ಮಕ್ಕಳಂತೆ. ಅಂಚೆಯವನ ಮುಂದೆ "ಸರಿ" ಎಂದರು. ಭಾರ ಎತ್ತುವವನ ಮುಂದೆ ಕಣ್ಣು ಬೇರೆ ಕಡೆ ತಿರುಗಿಸಿದರು, ಅವನ ಮೈಮೇಲೆ ಬಟ್ಟೆ ಕಡಿಮೆ. ತಾಯಿ ಮಗುವಿನ ಮುಂದೆ "ಈ ಕೂಸಿಗೆ ಹಸಿವಾಗಿದೆ" ಎಂದರು. ನಾಯಿಯ ಮುಂದೆ ತುಂಬ ಹೊತ್ತು ನಿಂತು, ಗದ್ದವನ್ನು ಸೆರಗಿನಿಂದ ಮುಚ್ಚಿಕೊಂಡು ಟ್ಯಾಕ್ಸಿ ಹತ್ತಿದರು. ಚೌಕದಲ್ಲಿ ಮಾತ್ರ ಪ್ರತಿಮೆಗೆ ಒಂದು ಸುತ್ತು ಬಂದರು. "ಕುದುರೆ ಮೇಲೆ ಪರ್ವಾಗಿಲ್ಲ ನಾನು," ಎಂದರು.

ವಾಪಸು ಬರುವಾಗ ಮುಂದಿನ ಸೀಟಿನಿಂದ, ಕನ್ನಡಿಯಲ್ಲಿ ಷಡ್ಡಕನನ್ನು ನೋಡುತ್ತಾ ಕೇಳಿದರು: "ಇಷ್ಟು ವರ್ಷ ತಲೆ ಎತ್ತಿ ಎತ್ತಿ ನೋಡ್ತಿದ್ದದ್ದು ನನ್ನನ್ನಾ? ನಾನು ನೀವು ಕಿಟಕಿ ನೋಡ್ತಿದೀರಿ ಅಂದ್ಕೊಂಡಿದ್ದೆ."

ಹನ್ನೆರಡು ದಿನ ಉಳಿದಿತ್ತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅತ್ತೆಯವರು ಕುರ್ಚಿಯಲ್ಲಿದ್ದರು. ಷಡ್ಡಕ ಹೆಗಲು, ತೋಳು, ಕೋಟು ಮತ್ತೆ ಮೆತ್ತಿದ. ಮೂರನೇ ದಿನಕ್ಕೆ ಮುಖ ಬಂದೇಬಂತು, ಕಣ್ಣು, ಮೂಗು, ಗದ್ದ. ಅತ್ತೆಯವರು ಎದ್ದು ಬಂದು ಹೆಣಿಗೆ ಕಡ್ಡಿಯಿಂದ ಗದ್ದಕ್ಕೆ ಚುಚ್ಚಿದರು.

"ಇದು ನಂದು. ತೆಗೀರಿ."

ಅವನು ತೆಗೆದ.

"ಹುಬ್ಬೂ ನಂದೇ. ಇಳಿಸಿ. ತುಟಿ ಯಾಕೆ ಹೀಗೆ ಕಚ್ಕೊಂಡಿದೆ? ಆ ಮನುಷ್ಯ ಹಾಗಿರ್ಲಿಲ್ಲ. ಬಿಡಿ."

"ಹೇಗಿದ್ರು?" ಎಂದು ಷಡ್ಡಕ ಕೇಳಿದ.

ಆಗ ನಮಗೆ ನೆನಪಾಯಿತು, ಅತ್ತೆಯವರು ಗಂಟೆ ಸಾಹೇಬರನ್ನು ಹತ್ತಿರದಿಂದ ನೋಡಿದ್ದರು. ನನ್ನ ಕುಲುಮೆಯ ಕಿಡಿ ಹಾರಿ ಮೇಲಿನ ಪರದೆಗೆ ಬೆಂಕಿ ಹತ್ತಿದ ವರ್ಷ ಅವರೇ ಬಂಡಿ ತಂದಿದ್ದರು. ಬೆಂಕಿ ಆರಿಸಿ ಅರ್ಧ ಗಂಟೆ ಅತ್ತೆಯವರ ಹತ್ತಿರ ಬೈಸಿಕೊಂಡು ಹೋಗಿದ್ದರು, ನೆಲಕ್ಕೆ ನೀರು ಜಾಸ್ತಿ ಹಾಕಿದರೆಂದು. ಅರ್ಧ ಗಂಟೆ ಎದುರಿಗೆ ನಿಲ್ಲಿಸಿಕೊಂಡು ಬೈದ ಮುಖವನ್ನು ಅವರು ಮರೆಯುವವರಲ್ಲ.

"ಹೇಳೋಕೆ ಬರಲ್ಲ. ಸರೀರಿ," ಎಂದು ರವಿಕೆಯ ತೋಳನ್ನು ಮೇಲಕ್ಕೆ ಮಡಚಿ, ಪೀಠದ ಮುಂದೆ ಸ್ಟೂಲ್ ಎಳೆದುಕೊಂಡು, ಹೆಬ್ಬೆರಳಿಗೆ ನೀರು ಹಚ್ಚಿಕೊಂಡರು. ಇಪ್ಪತ್ತೆರಡು ವರ್ಷ ನೋಡಿದವರಿಗೆ ಕೈ ಬೇರೆ ಕಲಿಸಬೇಕಿರಲಿಲ್ಲ. ಸಂಜೆಯ ತನಕ ಒತ್ತಿದರು, ಕೆರೆದರು, ಬೈದರು. ಚಹಾಕ್ಕೆ ಬಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಅಮ್ಮಾ! ಇದು ಭಾವ!"

ಹೌದು. ಉರುಟು ಮೂಗು, ಕೆಳಕ್ಕೆ ಇಳಿದ ಕಣ್ಣಿನ ತುದಿ, ಯಾರೋ ಈಗಷ್ಟೇ ಗದರಿದಂತಿರುವ ಕೆನ್ನೆ. ಅಗ್ನಿಶಾಮಕ ಕೋಟು ಹಾಕಿಕೊಂಡು ನನ್ನ ಷಡ್ಡಕ ನಿಂತಿದ್ದ. ನಿಜವಾದ ಷಡ್ಡಕ ಅದನ್ನು ನೋಡಿ ಕಿವಿಯವರೆಗೂ ಕೆಂಪಾದ.

ಅತ್ತೆಯವರು ಕೈ ಒರೆಸಿಕೊಂಡರು. "ಮತ್ತೆ? ಇಪ್ಪತ್ತೆರಡು ವರ್ಷ ನನ್ನ ಕಣ್ಣೆದುರಿಗೆ ಇದ್ದದ್ದು ಯಾರು? ಗಂಟೆ ಸಾಹೇಬ್ರಾ?"

ನಾನು ಕುಲುಮೆಯ ಹಿಂದೆ ಹೋಗಿ ನಕ್ಕು ಬಂದೆ. ಬಂದು ನೋಡಿದರೆ ಇಬ್ಬರೂ ಪೀಠದ ಎರಡು ಬದಿಗೆ ನಿಂತಿದ್ದರು. ಹೇಗೆ ಶುರುವಾಯಿತೋ ನನಗೆ ಗೊತ್ತಿಲ್ಲ, ಯಾರೂ ಯೋಜನೆ ಹಾಕಿದ್ದನ್ನು ಕೇಳಿಲ್ಲ. ಅತ್ತೆಯವರು ಮಣ್ಣು ಹಚ್ಚುವರು, ಷಡ್ಡಕ "ಆ ಮೂಗು ನಂದು ಅತ್ತೆ" ಎಂದು ತೆಗೆಯುವನು. ಷಡ್ಡಕ ಹಚ್ಚುವನು, ಅತ್ತೆಯವರು "ಕುಳಿ ಬಂತು ನೋಡಿ, ನಂದು" ಎಂದು ಕೆರೆಯುವರು. ತಮ್ಮ ತಮ್ಮ ಮುಖ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು, ಇಬ್ಬರಿಗೂ ಅಷ್ಟೇನೂ ಇಷ್ಟವಿರಲಿಲ್ಲ. ಹಾಗಾಗಿ ಯಾರೂ ರಿಯಾಯಿತಿ ತೋರಿಸಲಿಲ್ಲ. ನಡುವೆ ಒಂದು ದಿನ ಎಡಗಿವಿಯ ಬಗ್ಗೆ ಭಾರಿ ಜಗಳವಾಯಿತು. ಇಬ್ಬರೂ ಅದು ತಮ್ಮದೆಂದರು. ಕೊನೆಗೆ ಅದು ನನ್ನದೆಂದು ತೀರ್ಮಾನವಾಗಿ ಕಿತ್ತು ಹಾಕಿದರು. ಸಂಜೆಯಾದರೆ ಗೋಣಿ ಮಾತ್ರ ಮೂವರೂ ಸೇರಿ ಸುತ್ತುತ್ತಿದ್ದೆವು, ಒಬ್ಬರ ಮೇಲೆ ಇನ್ನೊಬ್ಬರಿಗೆ ನಂಬಿಕೆ ಉಳಿದಿರಲಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಇಬ್ಬರೂ ಕೈ ಇಳಿಬಿಟ್ಟು ನಿಂತರು.

"ಈ ಕೆನ್ನೆ?" ಎಂದ ಷಡ್ಡಕ.

"ನಂದಲ್ಲ. ನಿಮ್ದಾ?"

"ನಂದೂ ಅಲ್ಲ. ಮೂಗು?"

"ಊಹೂಂ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹತ್ತಿರ ಹೋಗಿ ನೋಡಿದೆ. ದಪ್ಪ ಕೊರಳಿನ, ಸಣ್ಣ ಕಣ್ಣಿನ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದು ಇನ್ನೂ ಒಪ್ಪಿಕೊಳ್ಳದ ಒಬ್ಬ ಮನುಷ್ಯ. "ನನ್ನವರ ಪೈಕಿ ಯಾರೂ ಅಲ್ಲ," ಎಂದೆ. ನಮಗೆ ಸ್ವಲ್ಪ ಭಯವಾಯಿತು. ಅಷ್ಟು ದಿನ ಮೆತ್ತಿ ಕೆರೆದು ಅತ್ತೆಯವರಿಗೂ ಖಾತ್ರಿ ಉಳಿದಿರಲಿಲ್ಲ, ಅದು ಯಾರೆಂದು ಹೇಳಬಲ್ಲವರು ನಾಳೆ ಬರುವವರಿದ್ದರು.

ಗಂಟೆ ಸಾಹೇಬರ ಅಕ್ಕ ಗಣಿತದ ಮೇಡಂ. ಎಪ್ಪತ್ತಾರು ವರ್ಷ. ಊರಿನ ಅರ್ಧ ಜನರಿಗೆ ಭಿನ್ನರಾಶಿ ಕಲಿಸಿದವರು, ನನಗೆ ಕಲಿಸಲಾಗದೆ ಎರಡು ಸಲ ಅದೇ ತರಗತಿಯಲ್ಲಿ ಕೂರಿಸಿದವರು. ಅಧ್ಯಕ್ಷರ ಜೊತೆ ಅವರು ಒಳಗೆ ಬಂದದ್ದು ಕಂಡು ನಾನು ತಿಳಿಯದೆಯೇ ಎದ್ದು ನಿಂತೆ.

"ಕೂತ್ಕೋ," ಎಂದರು. ಕೂತೆ.

ಅಧ್ಯಕ್ಷರು ಬಾಗಿಲ ಬಳಿ ಕಾಗದ ಪೆನ್ನು ಹಿಡಿದು ನಿಂತರು. ಷಡ್ಡಕ ಗೋಣಿ ಬಿಚ್ಚಿದ. ಅತ್ತೆಯವರು ಕುರ್ಚಿಯಲ್ಲಿ ಸ್ವೆಟರು ಹೆಣೆಯುತ್ತಿದ್ದರು, ಆದರೆ ಕಡ್ಡಿಗಳು ಅಲುಗುತ್ತಿರಲಿಲ್ಲ.

ಮೇಡಂ ಕೈ ಹಿಂದೆ ಕಟ್ಟಿ ಪ್ರತಿಮೆಯ ಸುತ್ತ ಒಂದು ಸುತ್ತು ಬಂದರು. ಎದುರಿಗೆ ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅಧ್ಯಕ್ಷರು ಕೆಮ್ಮಿದರು.

"ಹೇಗಿದೆ ಮೇಡಂ? ಇವ್ರೇ ಅಂತ ಅನ್ಸುತ್ತಾ? ಯೋಚನೆ ಮಾಡಿ ಹೇಳಿ, ಆತುರ ಇಲ್ಲ. ಹೋಲಿಕೆ ಇಲ್ಲ ಅಂದ್ರೆ..."

ಮೇಡಂ ಕೇಳಿಸಿಕೊಂಡಂತೆ ಕಾಣಲಿಲ್ಲ. ಕೋಟಿನ ಕಾಲರು ಎರಡೂ ಬದಿಯಲ್ಲಿ ಒಳಕ್ಕೆ ಮಡಚಿಕೊಂಡಿತ್ತು. ಮೂರೂ ಫೋಟೋಗಳಲ್ಲಿ ಹಾಗೆಯೇ ಇದ್ದದ್ದರಿಂದ ಷಡ್ಡಕ ಹಾಗೆಯೇ ಮಾಡಿದ್ದ. ಮೇಡಂ ಅದನ್ನೇ ನೋಡುತ್ತಿದ್ದರು. ಅವರ ಮುಖ ಕೆಂಪಾಯಿತು.

"ಎಷ್ಟು ಸಲ ಹೇಳ್ಬೇಕೋ ನಿಂಗೆ?" ಎಂದರು. "ನಾಲ್ಕು ಜನ ನೋಡೋ ಜಾಗಕ್ಕೆ ಹೋಗ್ತೀಯ, ಕಾಲರು ನೋಡು. ನೆಟ್ಟಗೆ ನಿಂತ್ಕೋ!"

ಎಂದವರೇ ಕೈ ಚಾಚಿ, ಬಲ ಬದಿಯ ಕಾಲರನ್ನು ನಾಲ್ಕು ಬೆರಳಲ್ಲಿ ಹಿಡಿದು, ಹೊರಕ್ಕೆ ಎಳೆದು, ಒಂದು ಸಲ ತಟ್ಟಿದರು. ಹಸಿ ಮಣ್ಣು ಹೇಳಿದಂತೆ ಕೇಳಿತು.

ಆಮೇಲೆ ಅವರಿಗೆ ತಮ್ಮ ಬೆರಳಿಗೆ ಅಂಟಿದ್ದು ಕಂಡಿತು. ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತರು. ಅತ್ತೆಯವರು ಎದ್ದು ಹೋಗಿ, ಒದ್ದೆ ಬಟ್ಟೆಯಿಂದ ಮೇಡಂ ಅವರ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. ಅಷ್ಟು ನಿಧಾನವಾಗಿ ಅವರು ಏನನ್ನಾದರೂ ಮಾಡಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

"ಪೆನ್ನು," ಎಂದರು ಮೇಡಂ, ಅಧ್ಯಕ್ಷರ ಕಡೆ ನೋಡದೆ.

ಸಹಿ ಬಿತ್ತು. ಆರಕ್ಕೆ ಆರೂ ಉಳಿದವು. ಅಧ್ಯಕ್ಷರು ಕಾಗದವನ್ನು ಮಡಚಿ, ಮುಚ್ಚಳಗಳನ್ನು ಸಿಮೆಂಟಿನಲ್ಲಿ ಮಾಡಿಸಬಹುದೆಂದು ತಮಗೆ ಮೊದಲಿನಿಂದಲೂ ಅನಿಸಿತ್ತು ಎಂದರು. ಷಡ್ಡಕ ಮಣ್ಣಿನ ತೊಟ್ಟಿಯ ಅಂಚಿನ ಮೇಲೆ ಕೂತು, ಒದ್ದೆಯಾದದ್ದು ತಿಳಿಯದೆ, ಹಾಗೇ ಕೂತಿದ್ದ.

ನಾನು ಅಚ್ಚು ತೆಗೆದೆ, ಮೇಣ ಬಳಿದೆ, ಕಂಚು ಹೊಯ್ದೆ. ಬಲ ಕಾಲರಿನ ಮೇಲೆ ನಾಲ್ಕು ಬೆರಳಿನ ಗುರುತು ಇದ್ದ ಹಾಗೇ ಬಂತು. ಅದನ್ನು ಉಜ್ಜಿ ತೆಗೆಯೋಣವೇ ಎಂದು ಅರ ಹಿಡಿದು ಕೇಳಿದ್ದಕ್ಕೆ ಷಡ್ಡಕ ಅರವನ್ನು ಕಿತ್ತುಕೊಂಡು ಕಿಟಕಿಯಿಂದ ಹೊರಗೆಸೆದ. ಅವನು ನನ್ನ ಮೇಲೆ ಸಿಟ್ಟು ಮಾಡಿದ್ದು ಅದೊಂದೇ ಸಲ. ಅರ ಒಳ್ಳೆಯದಿತ್ತು.

ಪ್ರತಿಮೆಯನ್ನು ಅಗ್ನಿಶಾಮಕ ಠಾಣೆಯ ಮುಂದೆ ನಿಲ್ಲಿಸಿದ ದಿನ ಪರದೆ ಸರಿಸಿದವರು ಅಧ್ಯಕ್ಷರೇ. ಮೊದಲು ಅವರು ಗದ್ದವನ್ನು ಪರೀಕ್ಷಿಸಿದರು. ತೃಪ್ತಿಯಾಯಿತು. ಆಮೇಲೆ ಕಣ್ಣು ಕೆಳಗಿಳಿದು ಕೋಟಿನ ಮೇಲೆ ನಿಂತಿತು.

"ಏನ್ರೀ ಇದು, ಒಂದು ಕಡೆ ಕಾಲರು ಸರಿ ಇದೆ, ಇನ್ನೊಂದು ಕಡೆ ಒಳಗೇ ಮಡಚಿಕೊಂಡಿದೆ?" ಎಂದು ಷಡ್ಡಕನನ್ನು ಕೇಳಿದರು.

ಷಡ್ಡಕ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಗಣಿತದ ಮೇಡಂ ಅವರ ದನಿ ಬಂತು.

"ಅದನ್ನ ಅವನೇ ಸರಿ ಮಾಡ್ಕೊಳ್ಳಲಿ. ಎಷ್ಟೂಂತ ನಾನೇ ಮಾಡ್ಲಿ?"